ದೇವರ ಬೆತ್ತ, ಧಣಿಯ ತಂತಿ

ಜೂನ್ ೩, ಮಂಗಳವಾರ

ಧಣಿ ಆಸ್ಪತ್ರೆಗೆ ಬಂದು ಕೊಡುತ್ತೇನೆ ಅಂದದ್ದು: ಲಾಂಡ್ರಿಯ ಇಸ್ತ್ರಿ ರೋಲರಿನ ತಡೆಪಟ್ಟಿಗೆ ಕಟ್ಟಿದ ತಂತಿ ಬಿಚ್ಚಿಸುವುದು. ಔಷಧದ ಖರ್ಚು. ಕೈ ಮಾಯುವವರೆಗೆ ಸಂಬಳ. ನನ್ನ ಮಗಳನ್ನು ಮಡಿಸುವ ಮೇಜಿನಲ್ಲೇ ಇರಿಸುವುದು, ರೋಲರಿನ ಹತ್ತಿರ ಬಿಡದಿರುವುದು.

ಕೊಟ್ಟದ್ದು: ಒಂದು ಬುಟ್ಟಿ ಹಣ್ಣು, ಒಂದು ಉದ್ದನೆಯ ಪ್ರಾರ್ಥನೆ.

ನಿನ್ನೆ ಇಲ್ಲ ಅಂದದ್ದು: ಮೊದಲಿನ ಮೂರೂ. ಮಗಳ ವಿಷಯಕ್ಕೆ ಮಾತ್ರ "ನೋಡೋಣ".

ಈ ಪುಸ್ತಕ ನಮ್ಮ ಚರ್ಚಿನ ಸಭಾಪಾಲಕರು ಕೊಟ್ಟದ್ದು. ಸಾಕ್ಷಿ ಬರೆದುಕೋ ಅಂದರು. ಎಡಗೈ ಬರಹ, ಕೋಳಿ ಕೆದರಿದ ಹಾಗಿದೆ. ನನಗೆ ಓದಲು ಬಂದರೆ ಸಾಕು.

ಜೂನ್ ೪, ಬುಧವಾರ

ನೋವು. ಬೈಗುಳ ಬಿಟ್ಟರೆ ಬರೆಯಲು ಏನೂ ಇಲ್ಲ. ಬೈಗುಳಕ್ಕೂ ಕೈ ಸಾಗುತ್ತಿಲ್ಲ.

ಜೂನ್ ೬, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಯಾಕೆಂದರೆ ಊರ ಬಾಯಲ್ಲಿ ಆಗಲೇ ಬೇರೆ ಕಥೆ ಓಡಾಡುತ್ತಿದೆ. ನನಗೆ ತೂಕಡಿಕೆ ಬಂದಿತ್ತಂತೆ.

ನಮ್ಮ ಲಾಂಡ್ರಿಗೆ ಆಸ್ಪತ್ರೆ, ಹೋಟೆಲುಗಳ ಚಾದರ ಬರುತ್ತವೆ. ಒಗೆದ ಮೇಲೆ ಇಸ್ತ್ರಿ. ಇಸ್ತ್ರಿ ಅಂದರೆ ಕೈಯಲ್ಲಿ ಹಿಡಿದು ಉಜ್ಜುವುದಲ್ಲ. ಮಂಚಕ್ಕಿಂತ ಅಗಲದ ಬಿಸಿ ರೋಲರು, ಯಾವಾಗಲೂ ತಿರುಗುತ್ತಲೇ ಇರುತ್ತದೆ. ಇಬ್ಬರು ಎರಡು ತುದಿ ಹಿಡಿದು ಒದ್ದೆ ಚಾದರವನ್ನು ಅದರ ಬಾಯಿಗೆ ಕೊಡಬೇಕು. ಗಡಿಯಾರ ನೋಡಿ ಈ ಕೆಲಸ ಆಗುವುದಿಲ್ಲ. ನಾವು ಹಾಡಿಕೊಂಡು ಮಾಡುತ್ತೇವೆ, ಆರಾಧನೆಯ ಹಾಡುಗಳನ್ನೇ. ಸಾಲು ಶುರುವಾದಾಗ ಚಾದರ ಎತ್ತು, ಸಾಲಿನ ಕೊನೆಯ ಪದ ಬಾಯಿಗೆ ಬರುವ ಮೊದಲೇ ಕೈ ಬಿಡು. ಹಾಡು ಎತ್ತಿಕೊಡುವವಳನ್ನು ನಾವೆಲ್ಲ ಗಂಟೆ ಅನ್ನುತ್ತೇವೆ. ಅವಳು ಬಾಯಿ ತೆರೆದರೆ ಗೋಪುರದ ಮೇಲಿನ ಗಂಟೆಗೂ ನಾಚಿಕೆಯಾಗಬೇಕು, ಅಂಥ ಗಂಟಲು.

ರೋಲರಿನ ಮುಂದೆ ಒಂದು ತಡೆಪಟ್ಟಿ ಇದೆ. ಕೈ ತಗುಲಿದರೆ ಯಂತ್ರ ನಿಲ್ಲಬೇಕು. ದಪ್ಪ ಚಾದರ ತಗುಲಿದರೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಧಣಿಗೆ ಹೊಟ್ಟೆ ಉರಿ. ಒಂದು ದಿನ ಮೇಸ್ತ್ರಿ ತಂತಿ ತಂದು ಪಟ್ಟಿಯನ್ನು ಅಲ್ಲಾಡದ ಹಾಗೆ ಬಿಗಿದ. ಧಣಿ ಪಕ್ಕದಲ್ಲೇ ನಿಂತು, "ಇನ್ನೂ ಒಂದು ಸುತ್ತು ಹಾಕು" ಅಂದರು. ಅಷ್ಟಕ್ಕೂ ತೃಪ್ತಿಯಾಗಲಿಲ್ಲ.

"ಏನಮ್ಮಾ ಇದು, ಎಳೆದೂ ಎಳೆದೂ ಹಾಡ್ತೀರಿ? ಕರ್ತನಿಗೆ ಉತ್ಸಾಹ ಇಷ್ಟ. ಮಕ್ಕಳ ಚಪ್ಪಾಳೆ ಹಾಡು ಇದೆಯಲ್ಲ, ಅದನ್ನ ಹಾಡಿ."

ಧಣಿ ಸಭೆಯಲ್ಲಿ ಹಿರಿಯರು, ಮೊದಲ ಬೆಂಚು ಅವರದು. ಹಾಡು ಬೇಡ ಅನ್ನುವುದು ಹೇಗೆ? ಕುಣಿಯುವ ಮಕ್ಕಳ ಕಾಲಿಗೆ ಕಟ್ಟಿದ ತಾಳಕ್ಕೆ ನಮ್ಮ ಕೈ ಓಡಿತು. ಒಂದು ಸಾಲು ಮುಗಿದು ನಾನು ಬಿಡುವಷ್ಟರಲ್ಲಿ ಮುಂದಿನ ಸಾಲು ಶುರುವಾಗಿತ್ತು. ಚಾದರದ ಜೊತೆ ನನ್ನ ಬಲಗೈಯೂ ಹೋಯಿತು. ಹಾಡು ನಿಂತಿತು. ರೋಲರು ನಿಲ್ಲಲಿಲ್ಲ.

ಎರಡು ಬೆರಳು ಹೋದವು. ಉಳಿದವು ಬೆಂದಿವೆ.

ತೂಕಡಿಕೆಯಂತೆ!

ದೇವರ ವಿಷಯ ಇಲ್ಲಿ ಬರೆಯುವುದಿಲ್ಲ. ಅವನ ಜೊತೆ ಟೂ ಬಿಟ್ಟಿದ್ದೇನೆ.

ಜೂನ್ ೮, ಭಾನುವಾರ

ಆರಾಧನೆಗೆ ಹೋಗಲಿಲ್ಲ. ಮಗಳು ಹೋಗಿ ಮುಖ ಊದಿಸಿಕೊಂಡು ಬಂದಳು.

"ಪ್ರಸಂಗ ಪೂರ್ತಿ ನಿನ್ನ ಮೇಲೇ ಅಮ್ಮ. ಹೆಸರು ಹೇಳಲಿಲ್ಲ ಅಷ್ಟೆ. ಎಲ್ಲರೂ ತಿರುಗಿ ತಿರುಗಿ ನನ್ನನ್ನ ನೋಡಿದ್ರು."

"ಏನಂದ್ರು?"

"ತಂದೆ ತಾನು ಪ್ರೀತಿಸೋ ಮಕ್ಕಳನ್ನೇ ದಂಡಿಸ್ತಾನಂತೆ. ಪೆಟ್ಟು ಬಿದ್ರೆ ಮುದ್ದಿನ ಮಗಳು ಅಂತ ತಿಳ್ಕೋಬೇಕಂತೆ."

"ಹಾಗಾದ್ರೆ ನನ್ನಷ್ಟು ಮುದ್ದಿನವಳು ಈ ಊರಲ್ಲಿ ಯಾರೂ ಇಲ್ಲ ಬಿಡು."

ಅವಳು ನಗಲಿಲ್ಲ.

ಮಧ್ಯಾಹ್ನ ಸಭಾಪಾಲಕರೇ ಬಂದರು. ಛತ್ರಿಯನ್ನು ಬಾಗಿಲಿಗೆ ಒರಗಿಸಿ, ಕುರ್ಚಿಯ ತುದಿಯಲ್ಲಿ ಕೂತರು.

"ಬೇಜಾರು ಮಾಡ್ಕೋಬೇಡ ತಂಗಿ. ದಂಡನೆ ಬಂತು ಅಂದ್ರೆ ದೇವರು ನಿನ್ನನ್ನ ಮರೆತಿಲ್ಲ ಅಂತ ಅರ್ಥ. ಪಕ್ಕದ ಮನೆ ಮಕ್ಕಳನ್ನ ಯಾರಾದ್ರೂ ತಿದ್ತಾರಾ? ತನ್ನ ಮಕ್ಕಳನ್ನೇ ತಿದ್ದೋದು."

"ಹಾಗಾದ್ರೆ ನಮ್ಮ ಧಣಿ ಯಾರ ಮಗ, ಪಾಸ್ಟರೇ? ಅವರ ಒಂದು ಉಗುರೂ ಮುರಿದಿಲ್ಲ."

ಅವರಿಗೆ ಕೆಮ್ಮು ಬಂತು. ನೀರು ಕೊಟ್ಟೆ.

"ಬರೋ ಭಾನುವಾರ ಸಾಕ್ಷಿ ದಿನ. ಎದ್ದು ನಿಂತು ಎರಡು ಮಾತು ಹೇಳು. ಮನಸ್ಸು ಹಗುರ ಆಗುತ್ತೆ."

ನಮ್ಮ ಸಭೆಯಲ್ಲಿ ಇದೊಂದು ಪದ್ಧತಿ. ಕಷ್ಟ ಬಂದವರು ಎದ್ದು, ಇದು ದೇವರ ದಂಡನೆ, ನನ್ನ ಒಳ್ಳೆಯದಕ್ಕೇ ಬಂತು, ಸ್ತೋತ್ರ ಅನ್ನಬೇಕು. ಎಲ್ಲರೂ ಆಮೆನ್ ಅನ್ನಬೇಕು. ಆಮೆನ್ ಬಿದ್ದ ಮೇಲೆ ವಿಷಯ ಮುಗಿಯಿತು. ಆಮೇಲೆ ಅದರ ಬಗ್ಗೆ ಬಾಯಿ ಬಿಟ್ಟರೆ ಗೊಣಗಾಟ, ಗೊಣಗಾಟ ಪಾಪ. ಯಾವ ಕೋರ್ಟಿನಲ್ಲೂ ಇಷ್ಟು ಬೇಗ ಕೇಸು ಮುಚ್ಚುವುದಿಲ್ಲ.

"ನೀವು ಇದನ್ನ ನಿಜವಾಗಿ ನಂಬ್ತೀರಾ?" ಅಂದೆ. ಕೆಣಕಬೇಕು ಅಂತಲೇ ಕೇಳಿದೆ.

ಅವರು ಕೆಣಕಿಸಿಕೊಳ್ಳಲಿಲ್ಲ. ಅವರ ಹೆಂಡತಿ ಹಾಸಿಗೆ ಹಿಡಿದು ಎಷ್ಟೋ ವರ್ಷವಾಯಿತು. "ನಂಬದೆ ಹೋದ್ರೆ, ಬೆಳಿಗ್ಗೆ ಎದ್ದು ಅವಳ ಮುಖ ತೊಳೆಸೋ ಶಕ್ತಿ ನನಗೆ ಎಲ್ಲಿಂದ ಬರುತ್ತೆ ತಂಗಿ?" ಅಂದರು.

ಛತ್ರಿ ಎತ್ತಿ ಅವರ ಕೈಗೆ ಕೊಟ್ಟೆ. ಆದರೆ ಅವರ ಹೆಂಡತಿಯ ಕಾಯಿಲೆಗೆ ಯಾರೂ ತಂತಿ ಬಿಗಿದಿರಲಿಲ್ಲ.

ಜೂನ್ ೧೦, ಮಂಗಳವಾರ

ಮಗಳನ್ನು ರೋಲರಿಗೆ ಹಾಕಿದರು. ನನ್ನ ಜಾಗಕ್ಕೆ. ತಂತಿ ಹಾಗೇ ಇದೆ.

ಬೇಡ, ಬಿಟ್ಟು ಬಾ ಅಂದೆ. "ಬಿಟ್ಟು ಬಂದ್ರೆ ಊಟಕ್ಕೆ ನಿನ್ನ ಬುಟ್ಟಿ ಹಣ್ಣಾ ಅಮ್ಮ?" ಅಂದಳು.

ಧಣಿಯ ಕೈಯೂ ಒಂದು ದಿನ ಅದರ ಬಾಯಿಗೆ ಹೋಗಲಿ. ಬರೆದಿಟ್ಟಿದ್ದೇನೆ.

ಜೂನ್ ೧೧, ಬುಧವಾರ

ಧಣಿಯ ಕೋಣೆಗೆ ಹೋದೆ. ಒಳಗೆ ಸೋಪಿನ ವಾಸನೆ ಬರುವುದಿಲ್ಲ, ಅಷ್ಟು ಗಟ್ಟಿಯಾಗಿ ಬಾಗಿಲು ಮುಚ್ಚಿರುತ್ತದೆ.

"ಮಗಳನ್ನ ಅಲ್ಲಿಂದ ತೆಗೀರಿ. ಇಲ್ಲ ತಂತಿ ತೆಗೀರಿ."

"ಕೂತ್ಕೋಮ್ಮ. ಭಾನುವಾರ ಆಗಲಿ. ನೀನು ಸಾಕ್ಷಿ ಹೇಳು. ನನ್ನ ಅಜಾಗರೂಕತೆಯಿಂದ ಆಯ್ತು, ದೇವರು ತಿದ್ದಿದ ಅಂತ. ಸೋಮವಾರ ಎಲ್ಲ ನೋಡೋಣ."

"ಸಾಕ್ಷಿಗೂ ತಂತಿಗೂ ಏನು ಸಂಬಂಧ?"

"ಸಭೆಯೆಲ್ಲ ಕೇಳಿದ ಮೇಲೆ ನಾಳೆ ಯಾವನೋ ಅಧಿಕಾರಿ ಬಂದು ಕೆದಕಿದ್ರೆ, ಅವಳೇ ಹೇಳಿದ್ದಾಳೆ ಅಂತ ಆಗುತ್ತಲ್ಲ."

ಅಬ್ಬಾ, ಕೊನೆಗೂ ಒಂದು ಸತ್ಯ ಹೇಳಿದರು. ದೇವರ ಬೆತ್ತದ ಹಿಂದೆ ತಂತಿಯನ್ನು ಬಚ್ಚಿಡಬೇಕು, ಅಷ್ಟೆ.

"ಹೇಳದಿದ್ರೆ?"

"ಹಟಮಾರಿಗಳನ್ನ ದೇವರು ಇನ್ನೂ ಜೋರಾಗಿ ದಂಡಿಸ್ತಾನೆ. ಮಕ್ಕಳಿರೋ ತಾಯಿ ನೀನು, ನಿನಗೆ ನಾನು ಹೇಳಬೇಕಾ?"

ಮಗಳ ಕೈ ಇಟ್ಟುಕೊಂಡು ನನ್ನ ನಾಲಿಗೆ ಕೊಳ್ಳಲು ಹೊರಟಿದ್ದಾರೆ. ಎದ್ದು ಬಂದೆ. ಬಾಗಿಲು ತೆರೆದೇ ಬಿಟ್ಟೆ. ಸ್ವಲ್ಪ ಸೋಪಿನ ವಾಸನೆ ಕುಡಿಯಲಿ.

ಜೂನ್ ೧೩, ಶುಕ್ರವಾರ

ಎಡಗೈಗೆ ಬುದ್ಧಿ ಬರುತ್ತಿದೆ. ಬಯ್ದರೆ ಕಲಿಯುವುದಿಲ್ಲ. ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದರೆ ಕಲಿಯುತ್ತದೆ.

ಸಭಾಪಾಲಕರ ಆ ವಾಕ್ಯ ಎಲ್ಲಿದೆ ಅಂತ ಹುಡುಕಿ ಅಧ್ಯಾಯ ಪೂರ್ತಿ ಓದಿದೆ. ಪ್ರಸಂಗಕ್ಕೆ ಬೇಕಾದಷ್ಟು ಓದಿ ಮುಚ್ಚುತ್ತಾರೆ ಅಂತ ಗೊತ್ತಾಯಿತು. ಮನೆಯ ಎಲ್ಲ ಮಕ್ಕಳಿಗೂ ಸಿಗುವ ದಂಡನೆ ಒಬ್ಬನಿಗೆ ಮಾತ್ರ ಸಿಗದಿದ್ದರೆ ಅವನು ಆ ಮನೆಯ ಮಗನೇ ಅಲ್ಲ ಅಂತ ಅಲ್ಲೇ ಇದೆ. ಇನ್ನೂ ಸ್ವಲ್ಪ ಕೆಳಗೆ, ಕುಂಟುವವನ ಕಾಲು ಇನ್ನಷ್ಟು ಉಳುಕದ ಹಾಗೆ ದಾರಿ ನೆಟ್ಟಗೆ ಮಾಡಿ ಅಂತ ಇದೆ. ದಂಡನೆಯ ಮಾತಾಡಿದ ಬಾಯೇ ದಾರಿ ಸರಿಮಾಡಿ ಅಂತಲೂ ಹೇಳಿದೆ. ನಮ್ಮ ಲಾಂಡ್ರಿಯಲ್ಲಿ ದಾರಿ ಸರಿಮಾಡುವುದು ಅಂದರೆ ತಂತಿ ಬಿಚ್ಚುವುದು. ಇನ್ನೇನು?

ಈಗ ಕೇಳಿಸಿಕೋ, ದೇವರೇ. ನಿನ್ನ ಜೊತೆ ನಾನು ಮಾತಾಡುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೆ.

ನನ್ನಪ್ಪ ನನಗೆ ಹೊಡೆದದ್ದುಂಟು. ಚಿಕ್ಕವಳಿದ್ದಾಗ ಬಾವಿಕಟ್ಟೆ ಹತ್ತಿ ಕುಣಿಯುತ್ತಿದ್ದೆ, ಎಳೆದು ಕೆಳಗಿಳಿಸಿ ಬೆನ್ನಿಗೆ ಒಂದು ಬಿಟ್ಟ. ಹೊಡೆದು ತಾನೂ ಅತ್ತ. ಆಮೇಲೆ ಹಲಗೆ ತಂದು ಬಾವಿಗೆ ಮುಚ್ಚಳ ಮಾಡಿದ. ಬುದ್ಧಿ ಕಲಿಯಲಿ ಅಂತ ಬಾವಿಗೆ ತಳ್ಳಲಿಲ್ಲ. ನೀನು ಅಪ್ಪ ಆದರೆ ನನ್ನ ಕೈಯನ್ನು ರೋಲರಿಗೆ ಕೊಟ್ಟವನಲ್ಲ. ಕೊಟ್ಟವನು ನೀನೇ ಆದರೆ ನೀನು ಅಪ್ಪ ಅಲ್ಲ. ಎರಡರಲ್ಲಿ ಒಂದು ಹೇಳು.

ಉತ್ತರ ಬರಲಿಲ್ಲ. ನಾಳೆ ಮತ್ತೆ ಕೇಳುತ್ತೇನೆ.

ಜೂನ್ ೧೪, ಶನಿವಾರ

ಕೇಳಿದೆ. ಉತ್ತರ ಇಲ್ಲ. ಆದರೆ ನೀನು ಗದರಿಸಲೂ ಇಲ್ಲ.

ಜೂನ್ ೧೫, ಭಾನುವಾರ

ಎದ್ದು ನಿಂತೆ. ಮೊದಲ ಬೆಂಚಿನಲ್ಲಿ ಧಣಿ, ಕಾಲ ಮೇಲೆ ಕಾಲು ಹಾಕಿ, ಆಮೆನ್ ಅನ್ನಲು ಬಾಯಿ ಸಿದ್ಧ ಮಾಡಿಕೊಂಡಿದ್ದರು. ಬರೆದುಕೊಂಡು ಹೋಗಿರಲಿಲ್ಲ. ಆಡಿದ್ದು ನೆನಪಿದ್ದಷ್ಟು ಬರೆಯುತ್ತೇನೆ.

"ದೇವರು ತನ್ನ ಮಕ್ಕಳನ್ನ ದಂಡಿಸ್ತಾನೆ. ಒಪ್ತೀನಿ. ನನ್ನಲ್ಲಿ ತಿದ್ದೋದು ಬೇಕಾದಷ್ಟಿದೆ, ಅದು ಅವನಿಗೂ ನನಗೂ ಬಿಟ್ಟದ್ದು. ಆದ್ರೆ ನನ್ನ ಬೆರಳು ತಿಂದದ್ದು ದೇವರ ಬೆತ್ತ ಅಲ್ಲ, ಧಣಿಯ ತಂತಿ. ಯೇಸುವಿನ ಕೈಗೂ ಮೊಳೆ ಬಿತ್ತು. ಹೊಡೆದವನು ಸಿಪಾಯಿ. ಆ ಸಾವಿನಿಂದಲೂ ದೇವರು ಒಳ್ಳೇದು ತೆಗೆದ, ಅದು ದೇವರ ದೊಡ್ಡತನ. ಅದಕ್ಕೆ ಸಿಪಾಯಿಯ ಸುತ್ತಿಗೆಯನ್ನ ತಂದು ಪೀಠದ ಮೇಲೆ ಇಡ್ತೀರಾ?"

ಧಣಿ ಕಾಲ ಮೇಲಿನ ಕಾಲು ಇಳಿಸಿದರು.

"ಇನ್ನೊಂದು ಮಾತು. ದಂಡನೆಯೇ ಕಾಣದವನು ಆ ಮನೆಯ ಮಗನೇ ಅಲ್ಲ ಅಂತ ಅದೇ ಪುಟದಲ್ಲಿದೆ. ನಮ್ಮ ಹಿರಿಯರಿಗೆ ಇಲ್ಲಿವರೆಗೆ ಒಂದು ಪೆಟ್ಟೂ ಬಿದ್ದಿಲ್ಲ. ಅವರನ್ನ ದೇವರ ಮನೆಯಿಂದ ಹೊರಗೆ ಬಿಡೋಕೆ ನನಗೆ ಮನಸ್ಸಿಲ್ಲ. ಅಕ್ಕತಂಗಿಯರೇ, ನಾಳೆಯಿಂದ ನಾವೂ ಧಣಿಗೆ ಒಂದಿಷ್ಟು ಪ್ರೀತಿ ತೋರಿಸೋಣ."

ಹಿಂದಿನ ಬೆಂಚಿನಿಂದ ಗಂಟೆ "ಆಮೆನ್!" ಅಂದಳು. ಕಿಟಕಿ ಗಾಜು ಅದುರಿತು. ಆಮೇಲೆ ಹೆಂಗಸರ ಸಾಲು ಪೂರ್ತಿ ಆಮೆನ್ ಅಂದಿತು. ಸಭಾಪಾಲಕರು ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆಗೋ, ನಾಚಿಕೆಗೋ, ಗೊತ್ತಾಗಲಿಲ್ಲ.

ಮನೆಗೆ ಬರುವಾಗ ಮಗಳು ನನ್ನ ಎಡಗೈ ಹಿಡಿದುಕೊಂಡಿದ್ದಳು. ದೊಡ್ಡವಳಾದ ಮೇಲೆ ಹಿಡಿದದ್ದೇ ಇಲ್ಲ.

ಜೂನ್ ೧೬, ಸೋಮವಾರ

ಕೆಲಸಕ್ಕೆ ಹೋದೆ. ಒಂದು ಕೈಯಲ್ಲಿ ದಿಂಬಿನ ಚೀಲ ಮಡಿಸುತ್ತೇನೆ ಅಂತ ಮೇಜಿಗೆ ಕೂತೆ. ಹೋಗು ಅನ್ನಲು ಮೇಸ್ತ್ರಿಗೆ ಧೈರ್ಯವಿಲ್ಲ, ಅವನ ಹೆಂಡತಿಯೂ ನಿನ್ನೆ ಆಮೆನ್ ಅಂದಿದ್ದಾಳೆ.

ರೋಲರು ಬಿಸಿಯಾಯಿತು. ಮಗಳು ಒಂದು ತುದಿ ಹಿಡಿದಳು, ಗಂಟೆ ಇನ್ನೊಂದು. ಗಂಟೆ ಹಾಡು ಎತ್ತಿದಳು. ಚಪ್ಪಾಳೆ ಹಾಡಲ್ಲ. ಹೆಣ ಮಣ್ಣಿಗಿಡುವಾಗ ಹಾಡುವ ಹಾಡು. ಅದರ ಒಂದು ಸಾಲಿನಲ್ಲಿ ಚಪ್ಪಾಳೆ ಹಾಡು ಪೂರ್ತಿ ಮುಗಿದುಹೋಗುತ್ತದೆ. ಎಲ್ಲರೂ ದನಿ ಸೇರಿಸಿದರು. ಚಾದರ ಮೆರವಣಿಗೆಯ ಹಾಗೆ ರೋಲರಿನೊಳಗೆ ಹೋಯಿತು.

ಮೇಸ್ತ್ರಿ ಓಡಿ ಬಂದ. "ಏನ್ರೇ ಇದು? ಯಾರು ಸತ್ರು?"

"ಇನ್ನೂ ಯಾರೂ ಇಲ್ಲ ಮೇಸ್ತ್ರಿ," ಅಂದಳು ಗಂಟೆ. "ತಂತಿ ಇದೆಯಲ್ಲ, ಯಾವುದಕ್ಕೂ ಇರಲಿ ಅಂತ ಮೊದಲೇ ಹಾಡಿಡ್ತಿದ್ದೀವಿ."

"ಬೇರೆ ಹಾಡು ಹಾಡಿ!"

"ದೇವರ ಹಾಡನ್ನ ಬೇಡ ಅಂತೀಯಾ? ಬರೆದು ಕೊಡು, ಭಾನುವಾರ ಓದ್ತೀನಿ."

ಜೂನ್ ೧೮, ಬುಧವಾರ

ಒದ್ದೆ ಚಾದರ ಗುಡ್ಡೆ ಬಿದ್ದಿವೆ. ಹೋಟೆಲಿನವರು ಫೋನು ಮಾಡಿ ಮಾಡಿ ಧಣಿಯ ಕಿವಿ ತೂತು ಮಾಡಿದ್ದಾರಂತೆ. ಆಸ್ಪತ್ರೆಯ ಚಾದರ ಮಾತ್ರ ತಡವಾಗಬಾರದು ಅಂದೆ. ಅವಕ್ಕೆ ಮೊದಲ ಸರದಿ. ಗಂಟೆ ಗೊಣಗಿದಳು, "ಅಕ್ಕಾ, ಮುಷ್ಕರದಲ್ಲೂ ನಿಂದು ಕರುಣೆ." ಕರುಣೆ ಏನೂ ಅಲ್ಲ. ರೋಗಿಗಳು ನಮಗೇನು ಮಾಡಿದ್ದಾರೆ?

ಮಗಳ ಕೈ ಮೇಲೇ ನನ್ನ ಕಣ್ಣು. ನಿಧಾನದ ಹಾಡಿಗೆ ಅವಳ ಕೈ ಬೇಕಾದಷ್ಟು ಮೊದಲೇ ಬಿಡುತ್ತದೆ. ಆದರೂ ಪ್ರತಿ ಸಾಲಿಗೂ ನನ್ನ ಇಲ್ಲದ ಬೆರಳು ಉರಿಯುತ್ತದೆ. ಅವಳನ್ನು ನೋಡಿಕೋ. ಪ್ರಾರ್ಥನೆ ಅಂತ ತಿಳಿಯಬೇಡ, ಕೆಲಸ ಹೇಳುತ್ತಿದ್ದೇನೆ.

ಜೂನ್ ೧೯, ಗುರುವಾರ

ಹಾಡು ನಿಲ್ಲಿಸಲು ಧಣಿ ಸಭಾಪಾಲಕರನ್ನು ಕರೆಸಿದರು. ಅವರು ಬಾಗಿಲಲ್ಲಿ ನಿಂತು ಎರಡು ಚರಣ ಕೇಳಿದರು. ಆಮೇಲೆ ರೋಲರಿನ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ತಂತಿಯನ್ನು ನೋಡಿದರು. ನನ್ನ ಪೆಟ್ಟಿನ ಬಗ್ಗೆ ಪ್ರಸಂಗ ಮಾಡಿದವರು, ತಂತಿಯನ್ನು ಕಣ್ಣಿಂದ ನೋಡಿದ್ದು ಇವತ್ತೇ.

"ಹೇಳಿ ಪಾಸ್ಟರೇ," ಅಂದರು ಧಣಿ ಮೆಟ್ಟಿಲ ಮೇಲಿಂದ.

"ಏನು ಹೇಳಲಿ ಹಿರಿಯರೇ? ಈ ಹಾಡನ್ನ ನಿಲ್ಲಿಸೋ ಅಧಿಕಾರ ನನಗಿಲ್ಲ. ಈ ತಂತಿಗೆ ಆಮೆನ್ ಅನ್ನೋ ಅಧಿಕಾರವೂ ಇಲ್ಲ."

ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತರು. ನಾನೇ ಕೇಳಿದೆ, "ಮನೇಲಿ ಅಕ್ಕ ಹೇಗಿದ್ದಾರೆ?" ಅಂತ. "ಬೆನ್ನು ಹುಣ್ಣಾಗಿದೆ" ಅಂದರು. ಮೆತ್ತಗಿನ ಹಳೇ ಚಾದರ ಒಂದೆರಡು ಕಟ್ಟಿಕೊಟ್ಟೆ. ಜಗಳ ಜಗಳವೇ, ಬೆನ್ನು ಬೆನ್ನೇ.

ಜೂನ್ ೨೦, ಶುಕ್ರವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಧಣಿ ತೋಳು ಮಡಚಿಕೊಂಡು ಕೆಳಗಿಳಿದು ಬಂದರು. ಮುಖ ರೋಲರಿಗಿಂತ ಬಿಸಿ. "ಏನು ಮಹಾ ಅಪಾಯ? ಅಂಜುಬುರುಕಿಯರು! ಕೊಡಿ ಇಲ್ಲಿ." ನನ್ನ ಮಗಳನ್ನು ಪಕ್ಕಕ್ಕೆ ಸರಿಸಿ ಚಾದರದ ತುದಿ ಹಿಡಿದರು. "ಅದೇ ಸಾವಿನ ಹಾಡೇ ಹಾಡಿ. ನಾನೂ ಹಾಡ್ತೀನಿ."

ನಾನು ಮೇಜು ಬಿಟ್ಟು ಎದ್ದು ಬಂದು ಅವರ ಹಿಂದೆ ನಿಂತೆ. ನೋಡೋಣ ಅಂತ. ಹೋದ ವಾರದ ಮಂಗಳವಾರ ಅವರ ಕೈಯ ಬಗ್ಗೆ ಈ ಪುಸ್ತಕದಲ್ಲಿ ಬರೆದಿಟ್ಟದ್ದು ನಾನು ಮರೆತಿರಲಿಲ್ಲ.

ಗಂಟೆ ಹಾಡು ಎತ್ತಿದಳು. ಧಣಿಯದು ಒಳ್ಳೆ ಕಂಠ, ಸುಳ್ಳು ಹೇಳಬಾರದು. ಆದರೆ ಅವರು ಈ ಹಾಡನ್ನು ಕಲಿತದ್ದು ಮೊದಲ ಬೆಂಚಿನಲ್ಲಿ. ಅಲ್ಲಿ ಕೊನೆಯ ಪದವನ್ನು ಎಷ್ಟು ಎಳೆದರೆ ಅಷ್ಟು ಭಕ್ತಿ. ಇಲ್ಲಿ ಕೊನೆಯ ಪದಕ್ಕೆ ಮೊದಲೇ ಕೈ ಬಿಡಬೇಕು. ಗಂಟೆ ಬಿಟ್ಟಳು. ಧಣಿ ಕಣ್ಣು ಅರೆಮುಚ್ಚಿ, ಚಾದರ ಬಿಗಿಹಿಡಿದು, ಪದವನ್ನು ಎಳೆಯುತ್ತಲೇ ಇದ್ದರು. ಚಾದರ ಅವರ ಕೈಯನ್ನು ಎಳೆಯುತ್ತಿತ್ತು.

ಹೊಡೆದೆ. ಎಡಗೈಯಲ್ಲಿ, ಅವರ ಮಣಿಕಟ್ಟಿನ ಮೇಲೆ, ಇದ್ದ ಬಲವೆಲ್ಲ ಹಾಕಿ. ಚಾದರ ಬಿಟ್ಟು ಹಿಂದಕ್ಕೆ ಬಿದ್ದರು. ಬಿದ್ದವರಿಗೆ ಬಯ್ದೆ ಕೂಡ. "ಕಣ್ಣು ಎಲ್ಲಿಟ್ಟಿದ್ದೀಯೋ ಮುಠ್ಠಾಳ!" ಅಂದೆನಂತೆ. ಧಣಿಗೆ. ಏಕವಚನದಲ್ಲಿ. ನನಗೆ ನೆನಪಿಲ್ಲ, ಮಗಳು ಹೇಳಿದಳು.

ಚಾದರ ಆ ಕಡೆಯಿಂದ ಗರಿಗರಿಯಾಗಿ ಹೊರಬಂತು. ಗಂಟೆ ಎತ್ತಿ ತೋರಿಸಿದಳು. "ಒಳ್ಳೆ ಇಸ್ತ್ರಿ ಆಗಿದೆ ಧಣಿ. ಕೈ ಒಳಗೆ ಹೋಗಿದ್ರೆ ಅದೂ ಹೀಗೇ ಆಗ್ತಿತ್ತು."

ಧಣಿ ನೆಲದ ಮೇಲೆ ಕೂತು ತಮ್ಮ ಬೆರಳು ಒಂದೊಂದನ್ನೇ ಮಡಿಸಿ ಬಿಡಿಸಿ ನೋಡಿಕೊಂಡರು. ಮಣಿಕಟ್ಟಿನ ಮೇಲೆ ನನ್ನ ಬೆರಳ ಗುರುತು ಕೆಂಪಗೆ ಎದ್ದಿತ್ತು.

"ಹೊಡೆದೆಯಲ್ಲಮ್ಮಾ ನೀನು," ಅಂದರು. ಸಣ್ಣ ಮಗುವಿನ ದನಿ.

"ಹೊಡೆದೆ," ಅಂದೆ. "ಮೇಸ್ತ್ರಿ, ಇಕ್ಕಳ ತಗೊಂಡು ಬಾ."

ಮೇಸ್ತ್ರಿ ಧಣಿಯ ಮುಖ ನೋಡಿದ. ಧಣಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೇಸ್ತ್ರಿ ತಂತಿ ಕತ್ತರಿಸಿದ. ಮಗಳು ಒಂದು ಚಾದರದ ತುದಿಯಿಂದ ತಡೆಪಟ್ಟಿಯನ್ನು ಮುಟ್ಟಿದಳು. ರೋಲರು ನಿಂತಿತು. ಅದು ನಿಂತ ಮೇಲೆ ಕೋಣೆ ಎಷ್ಟು ದೊಡ್ಡದು ಅನ್ನಿಸಿತು.

"ನೋಡ್ರೇ, ಅಕ್ಕಂಗೆ ಧಣಿ ಮೇಲೆ ಅದೆಷ್ಟು ಪ್ರೀತಿ!" ಅಂತ ಹೆಂಗಸರೆಲ್ಲ ನಗುತ್ತಿದ್ದಾರೆ. ನನಗೆ ಸಿಟ್ಟು ಬರುತ್ತಿದೆ. ಪ್ರೀತಿಯಂತೆ, ಮಣ್ಣು. ವರ್ಷಗಟ್ಟಲೆ ಆ ರೋಲರಿನ ಮುಂದೆ ನಿಂತ ಕೈ ತಾನಾಗಿ ಹೋಯಿತು. ಅಷ್ಟೆ. ಹೋಗದಂತೆ ಹಿಡಿಯಲು ನನ್ನಿಂದ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ನನ್ನನ್ನು ಕೇಳಬೇಡ.

ಜೂನ್ ೨೧, ಶನಿವಾರ

ಧಣಿ ಹೇಳಿಕಳಿಸಿದರು. ಸಂಜೆ ಅವರ ಮನೆಗೆ ಒಬ್ಬಳೇ ಬರಬೇಕಂತೆ, ಸೇರಿ ಪ್ರಾರ್ಥನೆ ಮಾಡಿ ಎಲ್ಲ ಮರೆಯೋಣವಂತೆ.

ಮರೆಯುವುದಿಲ್ಲ. ತಂತಿ ಹೋದದ್ದು ಶುರು, ಕೊನೆಯಲ್ಲ. ಔಷಧ, ಸಂಬಳ, ಇನ್ನು ಮುಂದೆ ಯಾವ ಹಾಡಿಗೆ ಕೆಲಸ ಮಾಡಬೇಕು ಅಂತ ನಾವೇ ಗೊತ್ತುಮಾಡುವುದು, ಇದೆಲ್ಲ ಎಲ್ಲರೆದುರು ಆಗಬೇಕು. ಅವರ ಕುರ್ಚಿಯಲ್ಲಲ್ಲ, ನಮ್ಮ ನೆಲದ ಮೇಲೆ. ಬೇಕಾದರೆ ಧಣಿ ಮಣಿಕಟ್ಟಿಗೆ ಏನಾದರೂ ಹಚ್ಚಿಕೊಂಡು ಬರಲಿ, ನನ್ನ ಹತ್ತಿರ ಆಸ್ಪತ್ರೆಯದೊಂದು ಮುಲಾಮು ಮಿಕ್ಕಿದೆ, ಮಗಳ ಕೈಯಲ್ಲಿ ಕಳಿಸಿದ್ದೇನೆ. ಬಿಡುವುದು ಮಾತ್ರ ಇಲ್ಲ.

ಧಣಿಗೆ ಹೀಗೆ ಹೇಳಿ ಬರ್ತೀಯಾ ಅಂತ ಗಂಟೆಯನ್ನು ಕೇಳಿದೆ. "ನಾನು ಹೇಳಿದ್ರೆ ಈ ಬೀದಿಯಿಂದಲೇ ಅವರಿಗೆ ಕೇಳಿಸುತ್ತೆ ಬಿಡಕ್ಕ" ಅಂದಳು. ಹೆಂಗಸರೆಲ್ಲ ಬರುತ್ತಾರೆ. ಸಭಾಪಾಲಕರಿಗೂ ಹೇಳಿಯಾಯಿತು. ನಿನಗೂ ಹೇಳುತ್ತಿದ್ದೇನೆ, ಬರಲೇಬೇಕು, ಆ ಎರಡರಲ್ಲಿ ಒಂದು ಇನ್ನೂ ನೀನು ಹೇಳಿಲ್ಲ.

ಬರಬೇಕಾದದ್ದು: ಜೂನ್ ೨೩, ಸೋಮವಾರ, ಬೆಳಿಗ್ಗೆ ಎಂಟು ಗಂಟೆ, ರೋಲರಿನ ಎದುರು.